ಅಮ್ಮ ತಗೊಂಡ ಕಣ್ಣು

ಆಸ್ಪತ್ರೆಯಲ್ಲಿ ಮುಖ ನೋಡುವ ಡಾಕ್ಟರುಗಳು ಬೇರೆ, ಮಾಂಸ ನೋಡುವ ಡಾಕ್ಟರುಗಳು ಬೇರೆ. ಪಂಕಜಾ ಎರಡನೆಯ ಜಾತಿ. ಕೆಳಗಿನ ಮಹಡಿಯ ಪೆಥಾಲಜಿ ವಿಭಾಗದಲ್ಲಿ ಫಾರ್ಮಾಲಿನ್ ವಾಸನೆಗೆ ಮೂಗು ಯಾವತ್ತೋ ಸತ್ತುಹೋಗಿತ್ತು. ಉಳಿದದ್ದು ಕಣ್ಣು ಮತ್ತು ಮುಂಗೋಪ. ಮೇಲಿನ ವಾರ್ಡುಗಳಿಂದ ಡಬ್ಬಿಗಳಲ್ಲಿ ಬಂದದ್ದನ್ನು ಕೊಯ್ಯುವುದು, ಗಾಜಿನ ಮೇಲೆ ಹರಡಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು, ಇದು ಇಂಥದ್ದು ಎಂದು ಬರೆದು ಕಳಿಸುವುದು. ಅದನ್ನು ಓದಿ ಅಳುವವರು ಅಳುತ್ತಿದ್ದರು, ದೇವರಿಗೆ ಕಾಯಿ ಒಡೆಯುವವರು ಒಡೆಯುತ್ತಿದ್ದರು. ಆ ಸದ್ದು ಕೆಳಗಿನವರೆಗೆ ಬರುತ್ತಿರಲಿಲ್ಲ.

ತೊಂಬತ್ತೇಳನೇ ಇಸವಿಯಲ್ಲಿ ವಿಭಾಗದ ಮುಖ್ಯಸ್ಥ ಲಕ್ಷ್ಮೀನರಸಿಂಹ ಅವಳಿಗೆ ಒಂದು ಕೆಲಸ ಹಚ್ಚಿದರು. ಹಿಂದಿನ ಹತ್ತು ವರ್ಷಗಳಲ್ಲಿ ಇಲ್ಲಿಗೆ ಬಂದ ಮಕ್ಕಳ ಕ್ಯಾನ್ಸರ್‌ಗಳನ್ನೆಲ್ಲ ಮತ್ತೆ ನೋಡಿ, ಯಾವ ವಯಸ್ಸಿಗೆ ಯಾವುದು ಬರುತ್ತದೆ, ಯಾವ ಅಂಗಕ್ಕೆ ಹೆಚ್ಚು ಎಂದು ವಿಂಗಡಿಸಬೇಕು. ಪಂಕಜಾ ಗಾಜುಗಳನ್ನು ಸಾಲಾಗಿ ಜೋಡಿಸುತ್ತಾ ಹೋದಳು: ರಕ್ತದ್ದು, ಗ್ರಂಥಿಯದ್ದು, ಮೂತ್ರಪಿಂಡದ್ದು, ಮೂಳೆಯದ್ದು, ಕಣ್ಣಿನದ್ದು. ದೊಡ್ಡವರಿಗೆ ಬಂದರೆ ಬೀಡಿ ಎನ್ನಬಹುದು, ಹೊಗೆಸೊಪ್ಪು ಎನ್ನಬಹುದು, ವಯಸ್ಸಾಯಿತು ಎನ್ನಬಹುದು. ಮೂರು ವರ್ಷದ ಮಗು ಏನು ಮಾಡಿರುತ್ತದೆ? ಜೋಡಿಸುತ್ತಾ ಜೋಡಿಸುತ್ತಾ ಅವಳಿಗೆ ಯಾರ ಮೇಲೆಂದು ಗೊತ್ತಾಗದ ಸಿಟ್ಟು ಬರುತ್ತಿತ್ತು.

ಅದರಲ್ಲೂ ಕಣ್ಣಿನ ಸಾಲು. ಮಕ್ಕಳ ಕಣ್ಣಿನ ಗಡ್ಡೆ ಬೇಗ ಸಿಕ್ಕರೆ ಮಗು ಉಳಿಯುತ್ತದೆ, ಎಷ್ಟೋ ಸಲ ಕಣ್ಣೂ ಉಳಿಯುತ್ತದೆ. ಆದರೆ ಈ ಸಾಲಿನಲ್ಲಿದ್ದವೆಲ್ಲ ತಡವಾಗಿ ಬಂದವು. ಮಗುವಿನ ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಬೆಳ್ಳಗೆ ಹೊಳೆದಾಗ, ಎಷ್ಟು ಚಂದ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದು ಕೂತವರೇ ಹೆಚ್ಚು.

ಸೆಪ್ಟೆಂಬರಿನಲ್ಲಿ ಆ ಸಾಲಿಗೆ ಇನ್ನೊಂದು ಬಂತು. ಅಮರೇಶ, ಮೂರು ವರ್ಷ, ಎಡಗಣ್ಣು. ಡಬ್ಬಿಯ ಜೊತೆ ಬಂದ ಚೀಟಿಯಲ್ಲಿ ವಾರ್ಡಿನ ಹುಡುಗ ಡಾಕ್ಟರು ಬರೆದಿದ್ದ: ವಂಶದಲ್ಲಿ ಈ ಕಾಯಿಲೆ ಇಲ್ಲ, ತಂದೆಗೂ ಒಂದು ಕಣ್ಣಿಲ್ಲ, ಆದರೆ ಅದು ಬಾಲ್ಯದಲ್ಲಿ ಸಿಡುಬಿನಿಂದ ಹೋದದ್ದು. ಪಂಕಜಾ ಓದಿ ಪಕ್ಕಕ್ಕಿಟ್ಟಳು. ಸಿಡುಬಿನಿಂದ ಕಣ್ಣು ಕಳೆದುಕೊಂಡವರು ಆ ಕಾಲದಲ್ಲಿ ಬೀದಿಗೊಬ್ಬರು.

ಅವಳು ಮೊದಲು ನೋಡಬೇಕಾದದ್ದು ನರವನ್ನು. ಕಣ್ಣುಗುಡ್ಡೆಯ ಹಿಂದೆ ಒಂದು ನರ ಇರುತ್ತದೆ. ಗಡ್ಡೆ ಆ ದಾರಿ ಹಿಡಿದುಬಿಟ್ಟರೆ ನೆಟ್ಟಗೆ ಮೆದುಳಿಗೆ. ಆಮೇಲೆ ಯಾವ ಡಾಕ್ಟರೂ ಏನೂ ಮಾಡುವಂತಿಲ್ಲ. ಹತ್ತು ವರ್ಷದ ಸಾಲಿನಲ್ಲಿ ಮುಕ್ಕಾಲು ಪಾಲು ನರಗಳು ತುಂಬಿಹೋಗಿದ್ದವು. ಗಾಜು ಸಿದ್ಧವಾದ ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಮತ್ತೆ ವಾಪಸ್ಸು. ನರದ ತುದಿ ಚೊಕ್ಕವಾಗಿತ್ತು. ಇನ್ನೊಂದು ತುಂಡು ಕೊಯ್ದು ನೋಡಿದಳು. ಅದೂ ಚೊಕ್ಕ. ಈ ಮಗು ಬದುಕುತ್ತದೆ.

ಒಳ್ಳೆಯ ಸುದ್ದಿ ಆ ಮಹಡಿಯಲ್ಲಿ ಅಪರೂಪ. ಅದನ್ನು ಕಾಗದದಲ್ಲಿ ಕಳಿಸಲು ಪಂಕಜಾಳಿಗೆ ಮನಸ್ಸಾಗಲಿಲ್ಲ. ಕೈ ತೊಳೆದುಕೊಂಡು, ಸೆರಗು ಸರಿಮಾಡಿಕೊಂಡು, ತಾನೇ ಮೆಟ್ಟಿಲು ಹತ್ತಿದಳು.

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಅಪ್ಪ ಕೂತಿದ್ದ, ತೊಡೆಯ ಮೇಲೆ ಪಟ್ಟಿ ಕಟ್ಟಿದ ಮಗ ನಿದ್ದೆಹೋಗಿದ್ದ. ಅಪ್ಪನ ಹೆಸರು ಶಿವಮಲ್ಲಪ್ಪ. ಸಂತೆಪೇಟೆಯಲ್ಲಿ ಗಡಿಯಾರ ರಿಪೇರಿ ಅಂಗಡಿ. ಪಕ್ಕದಲ್ಲಿ ಅವನ ತಾಯಿ ನೀಲಮ್ಮ, ಹಣೆ ತುಂಬ ವಿಭೂತಿ, ಬಾಯಲ್ಲಿ ಸದ್ದಿಲ್ಲದ ಮಂತ್ರ.

"ನಾನು ಕೆಳಗೆ ಲ್ಯಾಬಿನಲ್ಲಿ ಇರೋಳು. ನಿಮ್ಮ ಮಗುವಿನ ಕಣ್ಣು ನಾನೇ ನೋಡಿದ್ದು," ಎಂದಳು ಪಂಕಜಾ. "ಗಡ್ಡೆ ಕಣ್ಣಿನಿಂದಾಚೆ ಹೋಗಿಲ್ಲ. ಕಣ್ಣಿನ ಜೊತೇಲೇ ಪೂರ್ತಿ ಬಂದ್ಬಿಟ್ಟಿದೆ. ಮಗು ಉಳಿಯುತ್ತೆ."

ಶಿವಮಲ್ಲಪ್ಪನಿಗೆ ಅಳು ಬಂತು. ಎರಡೂ ಕಡೆಯಿಂದ ನೀರಿಳಿಯಿತು. ಒಣಗಿ ಒಳಗಿಳಿದ ಕಣ್ಣಿಗೂ ಅಳಲು ಬರುತ್ತದೆ. ಅವನು ಅಂಗೈಯಿಂದ ಕೆನ್ನೆ ಒರೆಸಿಕೊಂಡ. ಕಿಟಕಿಯ ಬೆಳಕು ಆ ಕೆನ್ನೆಯ ಮೇಲೆ ಬಿದ್ದಿತ್ತು. ಪಂಕಜಾ ನೋಡುತ್ತಲೇ ಇದ್ದಳು.

ಕೆನ್ನೆ ನುಣ್ಣಗಿತ್ತು.

ಪಂಕಜಾಳ ಸೋದರತ್ತೆಗೆ ಸಿಡುಬು ಬಂದಿತ್ತು. ಹಣೆಯಿಂದ ಗದ್ದದವರೆಗೆ ಒಂದು ಬೆರಳಗಲ ಜಾಗ ಬಿಡದೆ ತೂತು. ಮನೆಯ ಮಕ್ಕಳೆಲ್ಲ ಬೆನ್ನ ಹಿಂದೆ ಅವಳನ್ನು ದೋಸೆ ಅತ್ತೆ ಎನ್ನುತ್ತಿದ್ದರು. ಕಣ್ಣು ಹೋಗುವಷ್ಟು ಸಿಡುಬು ಬಂದು, ಮುಖದ ಮೇಲೆ ಒಂದು ಕಲೆಯನ್ನೂ ಬಿಡದೆ ಹೋಗುವುದೆಂದರೆ ಉಂಟೆ?

"ನಿಮ್ಮ ಕಣ್ಣು ಹೋದದ್ದು ಸಿಡುಬಿನಿಂದಾನಾ?"

"ನಾನಾಗ ಎರಡು ವರ್ಷದವನಂತೆ ಮೇಡಂ, ನಂಗೇನ್ ಗೊತ್ತು. ಅವ್ವನ್ನೇ ಕೇಳ್ಬೇಕು."

"ಅಮ್ಮ ತಗೊಂಡ್ಲು," ಎಂದಳು ನೀಲಮ್ಮ.

"ಮೈಯೆಲ್ಲ ಗುಳ್ಳೆ ಎದ್ದಿತ್ತಾ?"

ಮುದುಕಿಗೆ ರೇಗಿತು. "ಗುಳ್ಳೆ ಯಾಕೆ ಏಳ್ತದೆ? ಒಂದು ಗುಳ್ಳೆ ಇರ್ಲಿಲ್ಲ ನನ್ನ ಮಗನ ಮೈಮ್ಯಾಲೆ. ಅಮ್ಮ ತಗೊಂಡ್ಲು ಅಂದ್ನಲ್ಲ. ಬೆಟ್ಟದಮ್ಮ. ಆವತ್ತು ಆ ಹುಡ್ಗ ಡಾಕ್ಟ್ರಿಗೂ ಅದೇ ಏಳಿದ್ನಲ್ಲ."

ಪಂಕಜಾ ನಾಲಿಗೆ ಕಚ್ಚಿಕೊಂಡಳು. ನಮ್ಮಲ್ಲಿ ಸಿಡುಬನ್ನು ಹೆಸರು ಹಿಡಿದು ಕರೆಯುವುದಿಲ್ಲ; ಅಮ್ಮ ಬಂದಿದ್ದಾಳೆ, ಅಮ್ಮ ಆಗಿದೆ ಎನ್ನುತ್ತೇವೆ. ಮುದುಕಿ ಹೇಳಿದ್ದು ಚಾಮುಂಡಿಯನ್ನು, ಹುಡುಗ ಡಾಕ್ಟರು ಬರೆದದ್ದು ಸಿಡುಬನ್ನು. ಅವನನ್ನು ಬೈದೂ ಪ್ರಯೋಜನವಿಲ್ಲ. ಅಮ್ಮ ಎಂದಮೇಲೆ ಬಾಯಿ ಮುಚ್ಚಿ ಕೈ ಮುಗಿಯುವುದು ಪದ್ಧತಿ, ಯಾವ ಅಮ್ಮ ಎಂದು ಯಾರೂ ಕೇಳುವುದಿಲ್ಲ.

"ಹೋಗೋಕೆ ಮುಂಚೆ ಆ ಕಣ್ಣು ಹೊಳೀತಿತ್ತಾ ಅಮ್ಮಾ?"

ನೀಲಮ್ಮನ ಮುಖ ಕದ ಹಾಕಿಕೊಂಡಿತು. ಉತ್ತರ ಕೊಟ್ಟವನು ಮಗ. "ಹೊಳೀತಿತ್ತಂತೆ ಮೇಡಂ. ನಮ್ಮ ಅಮರೇಶಂದು ಹೊಳೀತಿತ್ತಲ್ಲ, ಹಂಗೇ. ಆಮೇಲೆ ಊದ್ಕೊಂಡು, ನೋವು ಬಂದು, ತಾನಾಗೇ ಒಣಗಿ ಹೋಯ್ತಂತೆ."

ಪಂಕಜಾಳಿಗೆ ಇನ್ನು ಸಂಶಯ ಉಳಿಯಲಿಲ್ಲ. ಈ ಗಡ್ಡೆ ಎಲ್ಲೋ ಅಪರೂಪಕ್ಕೆ ಒಬ್ಬರಲ್ಲಿ ತಾನಾಗಿ ಸತ್ತು, ಸಾಯುವಾಗ ಕಣ್ಣನ್ನೂ ಒಣಗಿಸಿಬಿಡುತ್ತದೆ. ಅಂಥವರು ಬದುಕುತ್ತಾರೆ, ಮದುವೆಯಾಗುತ್ತಾರೆ. ಅವರ ರಕ್ತದಲ್ಲಿರುವುದು ಮಕ್ಕಳಿಗೆ ಇಳಿಯುತ್ತದೆ.

"ಇನ್ನೂ ಮಕ್ಕಳಿದ್ದಾರಾ ನಿಮಗೆ?"

"ಹೆಣ್ಣು ಕೂಸು ಒಂದಿದೆ ಮೇಡಂ. ಲಾಸ್ಯ ಅಂತ. ಮೂರು ತಿಂಗಳು ಈಗ."

"ಇವತ್ತೇ ಕರ್ಕೊಂಡು ಬನ್ನಿ. ಅಣ್ಣನಿಗೆ ಬಂದಿದೆಯಲ್ಲ, ತಂಗಿ ಕಣ್ಣನ್ನೂ ಒಂದ್ಸಲ ನೋಡಿಸಿಬಿಡೋಣ."

"ಕೂಸಿನ ಸುದ್ದಿ ಬ್ಯಾಡ," ಎಂದಳು ನೀಲಮ್ಮ. ಅದುವರೆಗಿನ ದನಿಯೇ ಬೇರೆ, ಇದೇ ಬೇರೆ. ಎದ್ದು ಮೊಮ್ಮಗನನ್ನು ಮಗನ ತೊಡೆಯಿಂದ ಎತ್ತಿಕೊಂಡು ವಾರ್ಡಿನೊಳಗೆ ನಡೆದುಬಿಟ್ಟಳು.

ಕೆಳಗೆ ಬಂದು ಪಂಕಜಾ ಲಕ್ಷ್ಮೀನರಸಿಂಹ ಅವರಿಗೆ ಎಲ್ಲ ಹೇಳಿದಳು. ಅವರು ಕೆಟ್ಟವರಲ್ಲ, ಅಂಜುಬುರುಕರು. ಅವರು ಬರೆಯುವ ವರದಿಗಳೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿರುತ್ತಿದ್ದವು.

"ಕಣ್ಣಿನ ಡಾಕ್ಟರಿಗೆ ತಿಳಿಸಿ, ಸುಮ್ನಿದ್ಬಿಡಿ ಪಂಕಜಾ. ನಮ್ಮ ಕೆಲಸ ಗಾಜಿನ ಮೇಲೆ. ಆ ಕೂಸಿಂದೇನಾದ್ರೂ ನಮ್ಮ ಹತ್ರ ಬಂದಾಗ ನೋಡೋಣ."

"ಬಂದರೆ ಡಬ್ಬಿಯಲ್ಲಿ ಬರುತ್ತೆ ಸರ್," ಎಂದಳು ಪಂಕಜಾ. ಮುಖ್ಯಸ್ಥರ ಎದುರು ಅವಳ ದನಿ ಅಷ್ಟು ಏರಿದ್ದು ಅದೇ ಮೊದಲು. ಅವರು ಕನ್ನಡಕ ಒರೆಸುತ್ತಾ ಕೂತರು.

ಕಣ್ಣಿನ ವಿಭಾಗದ ವಸಿಷ್ಠ ಒಪ್ಪಿದ. ಅವಳಿಗಿಂತ ಕಿರಿಯ, ಚುರುಕು ಮನುಷ್ಯ. ಕೂಸಿಗೆ ಮಂಪರು ಕೊಟ್ಟು, ಪಾಪೆ ಅರಳಿಸುವ ಹನಿ ಹಾಕಿ ಪೂರ್ತಿ ನೋಡಬೇಕು, ಬರಿಯ ಟಾರ್ಚಿಗೆ ಕಾಣುವುದಿಲ್ಲ ಎಂದ. "ಹೊರಗೆ ಹೊಳಪು ಕಾಣೋ ಹೊತ್ತಿಗೆ ತಡವಾಗಿರುತ್ತೆ ಮೇಡಂ. ಕರ್ಕೊಂಡು ಬರಲಿ, ಆವತ್ತೇ ನೋಡ್ತೀನಿ."

ಬರಲಿಲ್ಲ. ಹೇಳಿದ ದಿನ ಬರಲಿಲ್ಲ, ಮತ್ತೊಂದು ದಿನ ಗೊತ್ತುಮಾಡಿದರೆ ಆವತ್ತೂ ಬರಲಿಲ್ಲ. ಅಮರೇಶನನ್ನು ಮನೆಗೆ ಕಳಿಸಿಯಾಯಿತು. ಪಂಕಜಾ ಗಾಜು ನೋಡುತ್ತಾ ಕೂತಿದ್ದರೂ ತಲೆಯೊಳಗೆ ಗಡ್ಡೆ ಬೆಳೆಯುತ್ತಿತ್ತು. ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ, ನೋಡದ ಆ ಕೂಸಿನ ಕಣ್ಣೊಳಗೆ. ರಾಮಕೃಷ್ಣನಗರದ ಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿ ಗಂಡನಿಂದ ಹೇಳಿಸಿಕೊಂಡಳು. ಮಾರನೆಯ ದಿನ ಮಧ್ಯಾಹ್ನ ಕೈನೆಟಿಕ್ ಸ್ಕೂಟರ್ ಹತ್ತಿ ಸಂತೆಪೇಟೆಗೆ ಹೋದಳು.

ಶಿವಮಲ್ಲಪ್ಪ ಇದ್ದ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಎಚ್‌ಎಂಟಿ ಬಿಚ್ಚಿ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ, ಮುಖ ಸಪ್ಪಗಾಯಿತು.

"ಅವ್ವ ಬೇಡ ಅಂತಾಳೆ ಮೇಡಂ. ಕೂಸು ಚೆನ್ನಾಗೇ ನಗ್ತದೆ, ದೀಪ ಕಂಡ್ರೆ ತಿರುಗ್ತದೆ, ಇಲ್ದೇ ಇರೋದನ್ನ ಯಾಕೆ ಹುಡುಕ್ತೀರಾ ಅಂತಾಳೆ. ನೋಡಿದ್ರೆ ತಾನೇ ಇರೋದು ಅಂತಾಳೆ."

"ನೀವು ಅಪ್ಪ ಅಲ್ವೇನ್ರೀ?"

"ಅಪ್ಪ ಸತ್ತಾಗಿಂದ ಅವ್ವನೇ ಎಲ್ಲ ನಮ್ಗೆ. ಒಂದಿನ ಅವಳಿಗೆ ಎದುರಾಡಿದೋನಲ್ಲ ನಾನು. ನೀವೇ ಒಂದ್ಮಾತು ಹೇಳಿ ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ."

ಅವರ ಮನೆ ಬನ್ನಿಮಂಟಪದ ಹತ್ತಿರ. ಅಲ್ಲಿನ ಮೈದಾನದಲ್ಲಿ ಪಂಜಿನ ಕವಾಯತಿಗೆ ತಾಲೀಮು ನಡೆದಿತ್ತು. ಪೊಲೀಸರ ಕುದುರೆಗಳಿಗಾಗಿ ರಸ್ತೆ ತಡೆದಿದ್ದರು. ಪಂಕಜಾ ಗಾಡಿ ಅಲ್ಲೇ ನಿಲ್ಲಿಸಿ, ಬಿಸಿಲಲ್ಲಿ ಗಲ್ಲಿ ಗಲ್ಲಿ ಸುತ್ತಿ ಮನೆ ಹುಡುಕಿದಳು. ಸೊಸೆ ಶಾಂತಾ ಅಮರೇಶನಿಗೆ ಪಟ್ಟಿ ಬದಲಿಸಲು ಆಸ್ಪತ್ರೆಗೆ ಹೋಗಿದ್ದಳು. ನೀಲಮ್ಮ ಒಬ್ಬಳೇ ನಡುಮನೆಯಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಪಂಕಜಾಳನ್ನು ಕಂಡವಳೇ ಕೂಸಿನ ಮುಖಕ್ಕೆ ಸೆರಗು ಎಳೆದಳು.

ಪಂಕಜಾ ಹೇಗೆ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು. ಆ ಸೆರಗು ಕಂಡದ್ದೇ ಎಲ್ಲ ಮರೆತುಹೋಯಿತು.

"ನಿಮ್ಮ ಹಠಕ್ಕೆ ಈ ಕೂಸಿನ ಕಣ್ಣು ಹೋಗುತ್ತೆ. ಆಮೇಲೆ ಪ್ರಾಣಾನೂ ಹೋಗುತ್ತೆ. ಅದು ನಿಮ್ಮಿಂದಲೇ ಆಗುತ್ತೆ, ತಿಳ್ಕೊಳ್ಳಿ!"

ಮುದುಕಿ ಜಗಳಕ್ಕೆ ಬರುತ್ತಾಳೆ ಎಂದುಕೊಂಡರೆ ಬರಲಿಲ್ಲ. ಎಣ್ಣೆಯ ಕೈ ನಿಂತಿತು.

"ನನ್ನಿಂದ್ಲೇ ಅಂತ ನಂಗೊತ್ತಿಲ್ವಾ?" ಎಂದಳು. "ಕೂತ್ಕೊಳ್ಳಿ ಡಾಕ್ಟ್ರಮ್ಮ. ಯಾರ್ಗೂ ಏಳಿಲ್ಲ, ನಿಮ್ಗೆ ಏಳ್ಬುಡ್ತೀನಿ."

ಪಂಕಜಾ ಕೂತಳು.

"ನಾವು ಲಿಂಗ ಕಟ್ಟಿದೋರು, ಆದ್ರೂ ಬೆಟ್ಟದ ತಾಯ್ನ ಬುಟ್ಟೋರಲ್ಲ. ಮಗನ ಕಣ್ಣು ಊದ್ಕೊಂಡು, ಮೂರು ದಿನ ಮೂರು ರಾತ್ರಿ ಕಿರ್‍ಚ್ಕೊಂಡ. ಉಳಿಯಾಕಿಲ್ಲ ಅಂದ್ಬುಟ್ರು ಎಲ್ರೂ. ಎತ್ಕೊಂಡು ಬೆಟ್ಟ ಹತ್ತಿದೆ, ಮೆಟ್ಲು ಮ್ಯಾಲೆ. ಬಾಗ್ಲಲ್ಲಿ ನಿಂತು ಒಂದು ಕಣ್ಣು ತಗೋ ತಾಯಿ, ಜೀವ ಬುಟ್ಬುಡು ಅಂದೆ. ಅಂದಿದ್ದೇ ತಡ, ನೋವು ನಿಲ್ತಾ ಬಂತು, ಕಣ್ಣು ಒಣಗ್ತಾ ಬಂತು. ಮಗ ಉಳ್ಕೊಂಡ. ತಗೊಂಡ್ಲು."

ಅವಳು ಕೂಸಿನ ಮುಖದ ಮೇಲಿನ ಸೆರಗನ್ನು ಇನ್ನಷ್ಟು ಒತ್ತಿ ಸರಿಪಡಿಸಿದಳು.

"ನನ್ನ ಕಣ್ಣು ತಗೋ ಅನ್ಬೋದಿತ್ತಲ್ವಾ ಡಾಕ್ಟ್ರಮ್ಮ? ನಂಗೂ ಎರಡಿದ್ವಲ್ಲ. ಬಾಯಿ ತಪ್ತು. ಒಂದು ಕಣ್ಣು ಅಂದ್ನೇ ಹೊರ್ತು ಯಾರ್ದು ಅಂತ ಏಳ್ಲಿಲ್ಲ. ಬಾಯ್ಬುಟ್ಟು ಕೊಡೋ ಮನೆ ಅಂತ ಅವಳ್ಗೆ ಗೊತ್ತಾಗೋಯ್ತು. ಈಗ ಮೊಮ್ಮಗಂದೂ ತಗೊಂಡ್ಲು. ಈ ಕೂಸಿನ ಕಣ್ಣು ಅರಳ್ಸಿ, ಬೆಳಕು ಬುಟ್ಟು ತೋರ್ಸಿದ್ರೆ, ಇಲ್ಲಿ ಇನ್ನೆರಡು ಅವೆ ಅಂತ ನಾನೇ ನೆಪ್ಪು ಮಾಡ್ಕೊಟ್ಟಂಗಾಗಾಕಿಲ್ವಾ?"

ಮೂವತ್ತು ವರ್ಷ! ಪಂಕಜಾಳ ಸಿಟ್ಟು ಎಲ್ಲಿ ಹೋಯಿತೋ. ಈ ಹೆಂಗಸು ಮಗನ ಮುಖ ನೋಡಿದಾಗಲೆಲ್ಲ ತನ್ನ ತಪ್ಪನ್ನೇ ನೋಡಿಕೊಂಡು ಬದುಕಿದ್ದಾಳೆ. ಮುದುಕಿಯ ನಂಬಿಕೆಯನ್ನು ಒಡೆಯಲೋ ಬೇಡವೋ ಎಂದು ಒಂದು ಗಳಿಗೆ ಹಿಂದೆಮುಂದೆ ನೋಡಿದಳು. ಆದರೆ ಸೆರಗಿನಡಿ ಕೂಸು ಕೈಕಾಲು ಆಡಿಸುತ್ತಿತ್ತು.

"ಕೇಳಿ ಅಮ್ಮಾ. ನೀವು ಬೆಟ್ಟ ಹತ್ತೋಕೆ ಮುಂಚೇನೇ ಆ ಕಣ್ಣು ಹೊಳೀತಿತ್ತು ಅಲ್ವಾ?"

"ಹೂಂ. ತಿಂಗಳುಗಟ್ಲೆ."

"ಆ ಹೊಳಪೇ ಗಡ್ಡೆ. ಹುಟ್ಟುವಾಗಲೇ ಅದರ ಬೀಜ ನಿಮ್ಮ ಮಗನ ಮೈಯಲ್ಲಿತ್ತು. ನೀವು ಬೇಡಿಕೊಳ್ಳದೇ ಇದ್ದಿದ್ದರೂ ಕಣ್ಣು ಹೋಗ್ತಿತ್ತು. ಜೀವ ಯಾಕೆ ಉಳೀತು, ಗಡ್ಡೆ ತಾನಾಗೇ ಯಾಕೆ ಸತ್ತಿತು ಅಂತ ನಂಗೂ ಗೊತ್ತಿಲ್ಲ, ಅದನ್ನ ಬೇಕಾದ್ರೆ ತಾಯಿ ಮಾಡಿದ್ದು ಅನ್ನಿ. ಕಣ್ಣು ಮಾತ್ರ ನೀವು ಕೊಟ್ಟಿದ್ದಲ್ಲ. ಅಮರೇಶನಿಗೆ ಬಂದದ್ದು ಅವನ ಅಪ್ಪನ ರಕ್ತದಿಂದ. ನಿಮ್ಮ ಬಾಯಿಂದಲ್ಲ."

"ನಾನು ಕೇಳ್ಕೊಳ್ಳಾಕೆ ಮುಂಚೇನೇ?"

"ಮುಂಚೇನೇ."

"ನಾನು ಬಾಯಿ ಬುಡಾಕೆ ಮುಂಚೇನೇ ಇತ್ತಾ?"

"ಇತ್ತು ಅಮ್ಮಾ. ನಾನು ಕಣ್ಣಾರೆ ನೋಡಿದ್ದೀನಿ ಅದನ್ನ, ಗಾಜಿನ ಮೇಲೆ. ಅದಕ್ಕೆ ಮಾತು ಕೇಳಿಸಲ್ಲ."

ನೀಲಮ್ಮ ಎಣ್ಣೆಯ ಕೈಯನ್ನೇ ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕಿದವು. ಅತ್ತು ಮುಗಿದ ಮೇಲೆ ಅವಳ ಮುಖ ಬಡಕಲಾಗಿ, ಚಿಕ್ಕದಾಗಿ ಕಂಡಿತು, ಭಾರ ಇಳಿಸಿದ ಕೂಲಿಯವಳಂತೆ. ಕೂಸಿನ ಮುಖದಿಂದ ಸೆರಗು ತೆಗೆದಳು. ಲಾಸ್ಯ ಬಾಯಿ ಬಿಟ್ಟು ನಕ್ಕಿತು. ಎರಡೂ ಕಣ್ಣು ಕಪ್ಪಗೆ, ಏನೂ ಹೇಳದೆ ಅವಳನ್ನು ನೋಡಿದವು.

"ಬೆಳಿಗ್ಗೇನೇ ಕರ್ಕಂಬತ್ತೀನಿ," ಎಂದಳು ನೀಲಮ್ಮ.

ಹೇಳಿದ ಹಾಗೆ ಬಂದಳು, ಮಗ ಸೊಸೆಯನ್ನೂ ಹೊರಡಿಸಿಕೊಂಡು. ವಸಿಷ್ಠ ಕೂಸನ್ನು ಒಳಗೆ ತೆಗೆದುಕೊಂಡು ಹೋಗಿ ಬಾಗಿಲು ಹಾಕಿದ. ಪಂಕಜಾಳಿಗೆ ಕೆಳಗೆ ಕೆಲಸವಿತ್ತು, ಹೋಗಲಿಲ್ಲ. ಗಾಜಿನ ಮೇಲೆ ಏನಿದೆಯೆಂದು ತಿಳಿಯಲು ಅವಳು ಯಾರನ್ನೂ ಕಾದವಳಲ್ಲ. ಇನ್ನೊಬ್ಬರು ನೋಡಿ ಹೇಳುವ ತನಕ ಗೋಡೆಗೊರಗಿ ನಿಲ್ಲುವುದು ಎಂಥ ಶಿಕ್ಷೆ ಎಂದು ಆವತ್ತು ಗೊತ್ತಾಯಿತು. ಶಾಂತಾ ಕೂಸಿನ ಟೋಪಿಯನ್ನು ಹಿಂಡುತ್ತಿದ್ದಳು. ಶಿವಮಲ್ಲಪ್ಪ ಕೈಗಡಿಯಾರ ಬಿಚ್ಚಿ ಕೀಲಿ ಕೊಟ್ಟ, ಮತ್ತೆ ಕೊಟ್ಟ, ಆಮೇಲೆ ಜೇಬಿಗೆ ಹಾಕಿಕೊಂಡ. ಒಳಗಿನಿಂದ ಕೂಸಿನ ಸದ್ದೇ ಇರಲಿಲ್ಲ. ಮಂಪರಿನಲ್ಲಿದೆ, ಅದಕ್ಕೇ ಎಂದು ಪಂಕಜಾ ಅವರಿಗೂ ಹೇಳಿದಳು, ತನಗೂ ಹೇಳಿಕೊಂಡಳು.

ವಸಿಷ್ಠ ಹೊರಗೆ ಬಂದ.

"ಬಲಗಣ್ಣು ಚೊಕ್ಕವಾಗಿದೆ. ಎಡಗಣ್ಣಲ್ಲಿ ಎರಡಿವೆ."

ಶಾಂತಾ ಕೂಗಿಕೊಂಡಳು.

"ತಡೀರಿ ತಡೀರಿ, ಪೂರ್ತಿ ಕೇಳಿ. ಸಾಸಿವೆಗಿಂತ ಸಣ್ಣವು. ಅಂಚಿನಲ್ಲಿವೆ, ನೋಟದ ಜಾಗದಿಂದ ದೂರ. ಕಣ್ಣು ತೆಗೆಯೋ ಮಾತೇ ಇಲ್ಲ. ಮದ್ರಾಸಿನಲ್ಲಿ ಆ ಗಡ್ಡೆಗಳನ್ನ ಶೀತ ಕೊಟ್ಟು ಹೆಪ್ಪುಗಟ್ಟಿಸಿ ಸಾಯಿಸ್ತಾರೆ, ನಾನೇ ಮಾತಾಡಿ ಕಳಿಸ್ತೀನಿ. ಆಮೇಲೂ ಹೊಸದು ಹುಟ್ಟಿದೆಯಾ ಅಂತ ನೋಡಿಸ್ತಾ ಇರಬೇಕು, ಬಿಡೋ ಹಾಗಿಲ್ಲ." ಪಂಕಜಾಳ ಕಡೆ ತಿರುಗಿ, "ದೀಪಾವಳಿ ಕಳೆದು ಬಂದಿದ್ರೆ ಈ ಮಾತು ಹೇಳ್ತಿರಲಿಲ್ಲ ಮೇಡಂ," ಎಂದ.

ಪಂಕಜಾಳಿಗೆ ಹಿಗ್ಗು ಎಂದರೆ ಹಿಗ್ಗು. ಹತ್ತು ವರ್ಷದ ಸಾಲಿನಲ್ಲಿ ಇಲ್ಲದ ಗಾಜು ಇದು, ಡಬ್ಬಿಗೆ ಬಾರದ ಕಣ್ಣು. ಶಾಂತಾ ಅತ್ತೆಯ ಹೆಗಲಿಗೆ ಬಿದ್ದು ಅಳುತ್ತಾ ನಗುತ್ತಿದ್ದಳು.

ಶಿವಮಲ್ಲಪ್ಪ ಮಾತ್ರ ನಗಲಿಲ್ಲ. ಅವನು ಏನನ್ನೋ ಕೂಡಿಸುತ್ತಿದ್ದ, ಬಿಚ್ಚಿಟ್ಟ ಗಡಿಯಾರದ ಚಕ್ರಗಳನ್ನು ಒಂದಕ್ಕೊಂದು ಹೊಂದಿಸುವವನ ಹಾಗೆ.

"ಇಬ್ರಿಗೂ ಬಂತಲ್ಲ ಮೇಡಂ," ಎಂದ. "ಇಬ್ರಿಗೂ ಎಡಗಣ್ಣು." ಅವನ ಬೆರಳು ತನ್ನ ಒಣಗಿದ ಕಣ್ಣನ್ನು ಮುಟ್ಟಿತು. "ನೀವು ಆವತ್ತು ನನ್ನ ಕಣ್ಣಿನ ವಿಚಾರ ಯಾಕೆ ಕೇಳಿದ್ರಿ? ನಂದೂ ಇದೇನಾ? ನನ್ನಿಂದಾನಾ ನನ್ನ ಮಕ್ಕಳಿಗೆ ಇದು ಬಂದಿದ್ದು?"

ಶಾಂತಾಳ ಅಳು ನಿಂತಿತು. ಅವಳೂ ತಿರುಗಿ ಗಂಡನ ಮುಖ ನೋಡಿದಳು.

ಪಂಕಜಾಳಿಗೆ ಉತ್ತರ ಗೊತ್ತಿತ್ತು. ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಇದ್ದದ್ದನ್ನು ಇದೆ ಎಂದು ಬರೆಯುವುದೇ ಅವಳ ಅನ್ನ. ಮುಂದೆ ಇನ್ನೊಂದು ಮಗುವಿನ ಮಾತು ಬಂದರೆ ಇವರಿಗೆ ಇದನ್ನು ಹೇಳಲೇಬೇಕು. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಯಾರೋ ಅವಳ ಮುಂಗೈಯನ್ನು ಹಿಡಿದರು, ಉಗುರು ನಾಟುವಷ್ಟು ಬಿಗಿಯಾಗಿ.

"ನಿನ್ನಿಂದ ಅಲ್ಲ ಕಣೋ," ಎಂದಳು ನೀಲಮ್ಮ. "ನನ್ನಿಂದ. ನಾನೇ ಕೊಟ್ಟಿದ್ದು."

"ಏನವ್ವಾ?"

"ನೀನು ಚಿಕ್ಕೋನಿದ್ದಾಗ ಬೆಟ್ಟದ ಬಾಗ್ಲಲ್ಲಿ ನಿಂತ್ಕೊಂಡು, ಒಂದು ಕಣ್ಣು ತಗೋ ಅಂತ ಬಾಯಾರೆ ಕೊಟ್ಟೆ. ನಿನ್ನ ಕಣ್ಣು ನಾನು ಕೊಟ್ಟಿದ್ದು. ಅದ್ಕೇ ಮನೆಗೆ ಹಿಂಗಾಗಿದ್ದು. ನಿನ್ನ ರಕ್ತದಲ್ಲಿ ಏನೂ ಇಲ್ಲ ಕಣೋ ಮಗ, ನಿನ್ನ ರಕ್ತ ಚೊಕ್ಕವಾಗದೆ."

ಶಿವಮಲ್ಲಪ್ಪ ತಾಯಿಯನ್ನು ದಿಟ್ಟಿಸಿದ. ಆಮೇಲೆ ಅವನ ಬಾಯಿಂದ ಹೊರಟ ಕೂಗಿಗೆ ಪಕ್ಕದ ವಾರ್ಡಿನವರೆಲ್ಲ ಬಾಗಿಲಿಗೆ ಬಂದರು. "ಯಾಕವ್ವಾ ಹಂಗ್ ಮಾಡ್ದೆ? ನನ್ನ ಕಣ್ಣು ಕೊಡಕ್ಕೆ ನೀನ್ಯಾರವ್ವಾ? ನನ್ನ ಮಕ್ಕಳಿಗೂ ತಂದಿಟ್ಟೆಯಲ್ಲವ್ವಾ!" ಒಂದು ದಿನವೂ ಎದುರಾಡದವನು ಅಷ್ಟು ವರ್ಷದ್ದನ್ನೂ ಸೇರಿಸಿ ಆಡಿದ. ನಿನ್ನ ಮುಖ ನೋಡಲಾರೆ ಎಂದ.

ಪಂಕಜಾ ತಡೆಯಲಾರದೆ ಮುಂದಡಿ ಇಟ್ಟಳು. ಹಿಡಿತ ಇನ್ನೂ ಬಿಗಿಯಾಯಿತು. ನೀಲಮ್ಮ ತಲೆ ಬಗ್ಗಿಸಿಕೊಂಡು, ಮಗ ಅಂದದ್ದನ್ನೆಲ್ಲ ಒಂದೂ ಬಿಡದೆ ಅನ್ನಿಸಿಕೊಳ್ಳುತ್ತಾ ನಿಂತಿದ್ದಳು.